ಹಿಂದಿನ ಒಂದು ಹನಿ

ನನಗೆ ಆಗ ಅರವತ್ಮೂರು. ಆ ಮಾತಿಗೆ ಈಗ ಐದು ವರ್ಷವಾಯಿತು.

ಹೊನ್ನಾವರದಲ್ಲಿ ಹೆದ್ದಾರಿ ಅಗಲ ಮಾಡಿದಾಗ ನಮ್ಮ ಗ್ಯಾರೇಜಿನ ಮುಂದಿನ ಅರ್ಧ ರಸ್ತೆಗೆ ಹೋಯಿತು. ಉಳಿದ ಅರ್ಧದಲ್ಲಿ ಒಂದು ಗಾಡಿ ನಿಲ್ಲುತ್ತದೆ. ಗಂಡನಿಗೆ ಸೊಂಟ ಹಿಡಿದ ಮೇಲೆ ಅವರು ಸ್ಟೂಲಿನ ಮೇಲೆ ಕೂತು ಹೇಳುವುದು, ನಾನು ಬಿಚ್ಚುವುದು. ಅವರು ತೀರಿಹೋದ ಮೇಲೆ ಹೇಳುವವರಿಲ್ಲ, ಬಿಚ್ಚುವುದು ಮಾತ್ರ ಉಳಿಯಿತು. ಕಂಪ್ಯೂಟರ್ ಇರುವ ಗಾಡಿ ಬಂದರೆ ಮುಂದೆ ಹೋಗಿ ಎನ್ನುತ್ತೇನೆ. ಹಳೆಯದು ಬಂದರೆ ನೋಡುತ್ತೇನೆ.

ಧಾರೇಶ್ವರದ ಒಬ್ಬ ಡ್ರೈವರ್ ಇದ್ದರು. ನನಗಿಂತ ಸ್ವಲ್ಪ ದೊಡ್ಡವರು. ಅವರದ್ದು ಬಿಳಿ ಡೀಸೆಲ್ ಅಂಬಾಸಿಡರ್. ಬಿಳಿ ಎಂದರೆ ಒಂದು ಕಾಲದಲ್ಲಿ ಬಿಳಿ. ಊರ ಕಡೆಯ ನಾಲ್ವರು ಮೀನು ಮಾರುವ ಹೆಂಗಸರನ್ನು ಬೆಳಿಗ್ಗೆ ಹೊನ್ನಾವರದ ಬಂದರಿಗೆ ತರುವುದು, ಅವರು ಮೀನು ತೆಗೆದುಕೊಂಡ ಮೇಲೆ ಬುಟ್ಟಿಗಳನ್ನು ಡಿಕ್ಕಿಗೆ ಹಾಕಿ ಕುಮಟೆಯ ಪೇಟೆಗೆ ಬಿಡುವುದು, ಇದೇ ಅವರ ಬಾಡಿಗೆ. ಬಸ್ಸಿನವರು ಮೀನಬುಟ್ಟಿ ಹತ್ತಿಸುವುದಿಲ್ಲ. ಹೊಸ ಕಾರಿನವರು ತಮ್ಮ ಡಿಕ್ಕಿಯಲ್ಲಿ ಮೀನ ನೀರು ಬೀಳಲು ಬಿಡುವುದಿಲ್ಲ. ಇವರು ಬಿಟ್ಟರು. ವರ್ಷಗಟ್ಟಲೆ ಬಿಟ್ಟು ಬಿಟ್ಟು ವಾಸನೆ ಸೀಟಿನ ಹತ್ತಿಯೊಳಗೂ ಕೂತಿತ್ತು. ಆ ಹೆಂಗಸರನ್ನು ಬಿಟ್ಟರೆ ಅದರಲ್ಲಿ ಕೂರುವವರು ಬೇರೆ ಯಾರೂ ಇರಲಿಲ್ಲ.

ಮಳೆ ಹಿಡಿದು ಬೋಟುಗಳೆಲ್ಲ ದಡ ಹತ್ತಿದ ಮೇಲೆ ಅವರು ಗಾಡಿ ತಂದರು. ಆರ್‌ಟಿಒ ಆಫೀಸಿಗೆ ಪಾಸಿಂಗ್‌ಗೆ ಹೋದಲ್ಲಿ, ನಿಲ್ಲಿಸಿದ ಜಾಗದಲ್ಲಿ ಎಣ್ಣೆ ಹರಿದು ಹೊಂಡ ಕಟ್ಟಿತಂತೆ. ಸೋರುವುದನ್ನು ನಿಲ್ಲಿಸಿ ತಾ ಎಂದು ಸಾಹೇಬರು ತಿರುಗಿಸಿ ಕಳಿಸಿದ್ದರು. ಮಳೆಗಾಲದಲ್ಲಿ ಮೀನುಗಾರಿಕೆ ಬಂದ್, ಹೆಂಗಸರಿಗೂ ಕೆಲಸವಿಲ್ಲ, ಗಾಡಿಗೂ ಇಲ್ಲ. ರಿಪೇರಿಗೆ ಅದೇ ಸಮಯ.

“ಬೋಟ್ ಇಳಿಯೂ ದಿನ ಬೆಳಿಗ್ಗೆ ಅವ್ರು ನಾಲ್ಕೂ ಜನ ರಸ್ತೆ ಮೇಲೆ ನಿಂತಿರ್ತಾರೆ ಅಕ್ಕ. ಅವತ್ತು ಗಾಡಿ ಬೇಕು. ಅವತ್ತು ತಪ್ಪಿದ್ರೆ ಅವ್ರು ಬೇರೆ ನೋಡ್ಕಂತಾರೆ, ನಾ ಮನೇಲಿ ಕೂತ್ಕಂಬೂದೇ” ಎಂದರು.

“ಕೂತ್ಕಣಿ. ನಿಮ್ಮ ಹೆಂಡ್ತಿ ಎರಡೇ ದಿನಕ್ಕೆ ಎಬ್ಸಿ ಓಡಿಸ್ತಾಳೆ” ಎಂದೆ.

ನಕ್ಕರು. ಬಾನೆಟ್ಟಿನ ಮೇಲೆ ಒಮ್ಮೆ ತಟ್ಟಿ, ಕೀಲಿ ಕೊಟ್ಟು ಬಸ್ಸಿಗೆ ಹೋದರು.

ಸೋರುವ ಇಂಜಿನ್ನಿಗೆ ಮೊದಲ ಕೆಲಸ ತೊಳೆಯುವುದು. ಎಣ್ಣೆ ಕೆಳಗೆ ಕಂಡಿತೆಂದು ಕೆಳಗೇ ಕೈ ಹಾಕಬಾರದು. ಅದು ಮೇಲೆ ಹುಟ್ಟಿ, ಪಕ್ಕಕ್ಕೆ ಹರಿದು, ಗಾಡಿ ಓಡುವ ಗಾಳಿಗೆ ಹಿಂದೆ ಸರಿದು, ಮತ್ತೆಲ್ಲೋ ತೊಟ್ಟಿಕ್ಕುತ್ತದೆ. ಆ ಇಂಜಿನ್ನಿನ ಮೈಮೇಲೆ ಎಣ್ಣೆಯೂ ರಸ್ತೆಯ ಧೂಳೂ ಸೇರಿ ಕಪ್ಪು ಹಲ್ವದ ಹಾಗೆ ಕೂತಿತ್ತು. ಕೆತ್ತಿ ತೆಗೆದೆ. ಡೀಸೆಲ್ಲಿನಲ್ಲಿ ಬ್ರಷ್ ಅದ್ದಿ ತಿಕ್ಕಿದೆ, ಸೋಪಿನ ನೀರಿನಲ್ಲಿ ತೊಳೆದೆ, ಒರೆಸಿ ಒಣಗಿಸಿದೆ. ಮಳೆಗಾಲದಲ್ಲಿ ನಮ್ಮ ಗುಂಡಿಯಲ್ಲಿ ನೀರು ಉಕ್ಕುತ್ತದೆ, ಇಳಿದು ಕೆಲಸ ಮಾಡಲು ಆಗುವುದಿಲ್ಲ. ಜಾಕ್ ಕೊಟ್ಟು ಎತ್ತಿ, ನಾಲ್ಕೂ ಕಡೆ ಮರದ ದಿಮ್ಮಿ ಇಟ್ಟು, ಗೋಣಿ ಹಾಸಿ ಅಂಗಾತ ಮಲಗಿ ಕೆಲಸ.

ಒಣಗಿದ ಮೇಲೆ ಮೈಗೆ ಹಚ್ಚುವ ಪೌಡರನ್ನು ಇಂಜಿನ್ನಿನ ಸುತ್ತ ಊದಿದೆ. ಪಕ್ಕದ ಪಂಕ್ಚರ್ ಅಂಗಡಿಯವ ಇಣುಕಿ, ಮದುಮಗಳನ್ನ ಕಳಿಸೂದು ಯಾವಾಗ ಎಂದು ಕೇಳಿದ. ಬಿಳಿ ಹುಡಿಯ ಮೇಲೆ ಎಣ್ಣೆ ಮೊದಲು ಎಲ್ಲಿ ಒದ್ದೆ ಮಾಡುತ್ತದೋ ಅಲ್ಲೇ ರೋಗ. ಇಂಜಿನ್ ಶುರು ಮಾಡಿ ಬಿಟ್ಟು ಟಾರ್ಚು ಹಿಡಿದು ನೋಡುತ್ತ ಕೂತೆ. ಮೇಲಿನ ಟ್ಯಾಪೆಟ್ ಕವರಿನ ಹಿಂದಿನ ಮೂಲೆ ಮೊದಲು ಕಪ್ಪಾಯಿತು. ಆಮೇಲೆ ಪಕ್ಕದ ಎರಡು ತಗಡಿನ ಮುಚ್ಚಳಗಳು. ಆಮೇಲೆ ಅಡಿಯಲ್ಲಿ ಎಣ್ಣೆ ನಿಲ್ಲುವ ಚೇಂಬರಿನ ಮುಂಭಾಗ, ಎಣ್ಣೆ ಇಳಿಸುವ ಬೋಲ್ಟು.

ಟ್ಯಾಪೆಟ್ ಕವರಿಗೆ ಯಾರೋ ಮೊದಲೇ ಕೈಯಾಡಿಸಿದ್ದರು. ಪ್ಯಾಕಿಂಗ್ ಹಾಕುವಲ್ಲಿ ಗಮ್ಮು ಮೆತ್ತಿದ್ದರು. ಸೋರಿತೆಂದು ನಟ್ಟು ಬಿಗಿದಿದ್ದಾರೆ. ಬಿಗಿದಷ್ಟೂ ತಗಡಿನ ಅಂಚು ಬಾಗಿದೆ, ಬಾಗಿದಷ್ಟೂ ಸೋರಿದೆ. ಗಮ್ಮನ್ನು ಉಗುರಿನಿಂದ ಎಬ್ಬಿಸಿ ತೆಗೆದೆ. ಕವರನ್ನು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇಟ್ಟು, ಸಣ್ಣ ಸುತ್ತಿಗೆಯಲ್ಲಿ ಅಂಚನ್ನು ಸುತ್ತಲೂ ತಟ್ಟಿದೆ. ಕಲ್ಲಿಗೂ ಅಂಚಿಗೂ ನಡುವೆ ಬೆಳಕು ಕಾಣದ ಹಾಗಾಗುವವರೆಗೆ ತಟ್ಟಬೇಕು. ಜೋರಾಗಿ ಹೊಡೆದರೆ ಇನ್ನೊಂದು ಕಡೆ ಎದ್ದುಬಿಡುತ್ತದೆ.

ಕಾರ್ಕ್ ಪ್ಯಾಕಿಂಗ್‌ಗೆ ಬಸ್ಸು ಹಿಡಿದು ಭಟ್ಕಳಕ್ಕೆ ಹೋದೆ. ಅಲ್ಲಿ ಒಬ್ಬ ಸಾಹೇಬರದ್ದು ಹಳೆ ಸ್ಪೇರ್‌ಪಾರ್ಟ್ ಅಂಗಡಿ. ಅಟ್ಟದ ಮೇಲಿಂದ ಪೊಟ್ಟಣ ಇಳಿಸಿ ಧೂಳು ಹೊಡೆದು ಕೊಟ್ಟರು.

“ಇದನ್ನ ಕೇಳುವವರೇ ಇಲ್ಲ ಅಮ್ಮಾ. ಗಾಡಿ ಮ್ಯೂಸಿಯಂಗೆ ಹೋಗ್ತದಾ?”

“ಇಲ್ಲ ಸಾಹೇಬ್ರೆ, ಮೀನಪೇಟೆಗೆ.”

ಕಾರ್ಕು ಒಣಗಿ ಕುಗ್ಗಿತ್ತು, ತೂತಿಗೆ ತೂತು ಕೂಡಲಿಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಹಾಕಿದರೆ ಹಿಗ್ಗುತ್ತದೆ. ಹಿಗ್ಗಿತು. ಇಳಿಸುವ ಬೋಲ್ಟಿನ ತಾಮ್ರದ ವಾಷರನ್ನು ಗ್ಯಾಸ್ ಒಲೆಯ ಮೇಲೆ ಕೆಂಪಾಗುವಷ್ಟು ಕಾಯಿಸಿ ನೀರಿಗೆ ಹಾಕಿದೆ. ಹಾಗೆ ಮಾಡಿದರೆ ತಾಮ್ರ ಮೆದುವಾಗಿ ಮತ್ತೆ ಕೂರುತ್ತದೆ. ಚೇಂಬರಿನ ಪ್ಯಾಕಿಂಗನ್ನೂ ಬದಲಾಯಿಸಿದೆ.

ಪಕ್ಕದ ಮುಚ್ಚಳ ತೆಗೆದಾಗ ನಿಜವಾದ ಕಾರಣ ಕಂಡಿತು. ಆ ಮುಚ್ಚಳದಿಂದ ಒಂದು ಪೈಪು ಕೆಳಗೆ ಇಳಿಯುತ್ತದೆ, ಬ್ರೀದರ್ ಎನ್ನುತ್ತೇವೆ. ಇಂಜಿನ್ ಉಸಿರು ಬಿಡುವುದು ಅದರಿಂದ. ಅದು ತುದಿಯಿಂದ ತುದಿಗೆ ಕಟ್ಟಿಹೋಗಿತ್ತು. ಉಸಿರು ಕಟ್ಟಿದರೆ ಒಳಗಿನ ಒತ್ತಡ ಎಣ್ಣೆಯನ್ನು ಸಿಕ್ಕಿದ ಸಂದಿನಿಂದೆಲ್ಲ ಹೊರಗೆ ನೂಕುತ್ತದೆ. ಎಷ್ಟು ಹೊಸ ಪ್ಯಾಕಿಂಗ್ ಹಾಕಿದರೂ ಅಷ್ಟೇ. ಸೈಕಲ್ಲಿನ ಕಡ್ಡಿ ತೂರಿಸಿ ಕೆದಕಿ, ಸೋಡಾ ಹಾಕಿದ ನೀರಿನಲ್ಲಿ ಕುದಿಸಿ, ಬಾಯಿ ಇಟ್ಟು ಊದಿ ನೋಡಿದೆ. ಗಾಳಿ ಸಲೀಸಾಗಿ ಹೋಯಿತು.

ಎಲ್ಲ ಕೂಡಿಸಿ ಹೊಸ ಎಣ್ಣೆ ಹಾಕಿ ಇಂಜಿನ್ ಶುರು ಮಾಡಿ ಬಿಟ್ಟೆ. ಮೇಲೆ ಒಣ, ಪಕ್ಕ ಒಣ, ಚೇಂಬರ್ ಒಣ. ಬೋಟು ಇಳಿಯಲು ಇನ್ನೂ ಬೇಕಾದಷ್ಟು ದಿನ ಇತ್ತು. ಅಷ್ಟಕ್ಕೆ ಕೈ ತೊಳೆದಿದ್ದರೆ ಈ ಕಥೆ ಬರೆಯುವ ಕೆಲಸ ಇರಲಿಲ್ಲ.

ಮರುದಿನ ಗಾಡಿಯ ಅಡಿಗೆ ಹಾಕಿದ ರಟ್ಟಿನ ಮೇಲೆ ಒಂದು ಕಲೆ ಇತ್ತು. ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಗೂಡಿನ ಅಡಿಗೆ ಒಂದು ಸಣ್ಣ ತೂತು ಇರುತ್ತದೆ. ಅಲ್ಲಿಂದ ಒಂದು ಹನಿ. ಒರೆಸಿದೆ. ಸಂಜೆಗೆ ಮತ್ತೆ ಒಂದು ಹನಿ. ಇಂಜಿನ್ನಿನ ಬೆನ್ನಿನಿಂದ ಬರುವ ಎಣ್ಣೆ ಅದು. ಆ ಇಂಜಿನ್ನಿಗೆ ಹಿಂದೆ ರಬ್ಬರಿನ ಸೀಲ್ ಇಲ್ಲ. ಎಣ್ಣೆಯನ್ನು ಒಳಕ್ಕೆ ಎಳೆದುಕೊಳ್ಳಲು ತಿರುಗುವ ದಂಡಿಗೇ ಸುರುಳಿ ಗೆರೆ ಕೊರೆದಿರುತ್ತದೆ, ಅಷ್ಟೇ. ಅದನ್ನು ಮುಟ್ಟಬೇಕೆಂದರೆ ಗೇರ್‌ಬಾಕ್ಸ್, ಕ್ಲಚ್, ಫ್ಲೈವೀಲ್ ಎಲ್ಲ ಇಳಿಸಬೇಕು.

ನಾನು ಕೇಳದೆ ಮಾಡಿದ್ದಲ್ಲ. ಫೋನು ಮಾಡಿದೆ. ಅವರು ಕುಮಟೆಯ ಬಸ್ ಸ್ಟ್ಯಾಂಡಿನಲ್ಲಿದ್ದರು, ಗದ್ದಲ. ಬೇರೆಲ್ಲ ನಿಂತಿದೆ, ಹಿಂದಿನಿಂದ ಒಂದು ಹನಿ ಬರುತ್ತಾ ಇದೆ, ಬಿಚ್ಚಬೇಕೆಂದರೆ ಗೇರ್‌ಬಾಕ್ಸ್ ಇಳಿಸಬೇಕಾಗುತ್ತದೆ ಎಂದೆ.

“ಅಡ್ಡಿಲ್ಲ ಅಕ್ಕ, ಅಡ್ಡಿಲ್ಲ” ಎಂದರು.

“ಆತು ಹಂಗಾದ್ರೆ” ಎಂದು ಇಟ್ಟೆ.

ಪಂಕ್ಚರ್ ಅಂಗಡಿಯವನನ್ನು ಕರೆದು ಇಬ್ಬರೂ ಸೇರಿ ಗೇರ್‌ಬಾಕ್ಸನ್ನು ಗೋಣಿಯ ಮೇಲೆ ಇಳಿಸಿದೆವು. ಕ್ಲಚ್ ಬಿಚ್ಚಿ ಫ್ಲೈವೀಲ್ ತೆಗೆದು ಟಾರ್ಚು ಹಾಕಿದೆ. ಇಂಜಿನ್ನಿನ ಬೆನ್ನು ಹೆಚ್ಚು ಕಡಿಮೆ ಒಣಗಿತ್ತು. ಗೂಡಿನ ತಳದಲ್ಲಿ ಮಾತ್ರ ಹಳೆಯ ಎಣ್ಣೆ ಮಡುಗಟ್ಟಿ ನಿಂತಿತ್ತು. ರಟ್ಟಿನ ಮೇಲೆ ಬೀಳುತ್ತಿದ್ದುದು ಅದೇ, ಹಿಂದಿನ ಕಾಲದ್ದು. ಬ್ರೀದರ್ ಬಿಡಿಸಿದ ದಿನವೇ ಅಲ್ಲಿಯ ಸೋರಿಕೆ ನಿಂತಿತ್ತು. ಸುಮ್ಮನೆ ಬಿಟ್ಟಿದ್ದರೆ ನಾಲ್ಕು ದಿನ ತೊಟ್ಟಿಕ್ಕಿ ತಾನೇ ಮುಗಿಯುತ್ತಿತ್ತು.

ಒರೆಸಿ ಮುಚ್ಚಿಬಿಡಬಹುದಿತ್ತು. ಎರಡು ದಿನದ ಕೆಲಸ, ಗಾಡಿ ಹೊತ್ತಿಗೆ ಸರಿಯಾಗಿ ಹೋಗುತ್ತಿತ್ತು. ಆದರೆ ನಮ್ಮ ಗ್ಯಾರೇಜಿನಲ್ಲಿ ಒಂದು ರೂಢಿ ಇತ್ತು. ಬಿಚ್ಚಿದ ಜಾಗವನ್ನು ಹಾಗೇ ಮುಚ್ಚಬಾರದು. ಗೇರ್‌ಬಾಕ್ಸ್ ಇಳಿಸಿದವ ಮತ್ತೆ ಅದನ್ನು ಇಳಿಸುವ ಹಾಗೆ ಮಾಡಬಾರದು ಎಂದು ಗಂಡ ಹೇಳುತ್ತಿದ್ದರು. ಒಳ್ಳೆಯ ಮಾತೇ. ಹೊತ್ತು ಗೊತ್ತು ನೋಡಿ ಹೇಳಿದ ಮಾತಲ್ಲ. ನಾನು ಚಾ ಕುಡಿಯುತ್ತ ಅದರ ಮುಂದೆ ಸ್ವಲ್ಪ ಹೊತ್ತು ಕೂತೆ. ಎದ್ದು, ಅಲ್ಲಿ ರಬ್ಬರ್ ಸೀಲ್ ಕೂರುವ ಹಾಗೆ ಒಂದು ಲೋಹದ ಬಳೆ ಮಾಡಿಸುವುದು ಎಂದು ತೀರ್ಮಾನ ಮಾಡಿದೆ. ಇನ್ನು ಜನ್ಮದಲ್ಲಿ ಅಲ್ಲಿಂದ ಹನಿ ಬೀಳಬಾರದು.

ಬಳೆ ಮಾಡುವ ಲೇತಿನವ ಕುಮಟೆಯಲ್ಲಿ. ಅಳತೆ ಹಿಡಿದುಕೊಂಡು ಹೋದೆ. ಗಾಳಿ ಮಳೆಗೆ ಕರೆಂಟಿಲ್ಲ. ಮರುದಿನ ಹೋದರೆ ಕರೆಂಟಿದೆ, ಅವನಿಲ್ಲ, ನೆಂಟರ ಮನೆಗೆ ಹೋಗಿದ್ದಾನೆ. ಮೂರನೆಯ ಸಲ ಸಿಕ್ಕಿದ.

“ಈ ಗಾಡಿಗೆ ಇಷ್ಟೆಲ್ಲ ಎಂತಕೆ ಅಮ್ಮ?” ಎಂದ.

“ನೀ ಬಳೆ ಮಾಡು ತಮಾ. ಮದುವೆ ಯಾರಿಗೆ ಅಂತ ಕೇಳ್ಬೇಡ.”

ಚೆನ್ನಾಗಿಯೇ ಮಾಡಿಕೊಟ್ಟ. ತಂದು ಕೂರಿಸಿದೆ. ಸೀಲಿಗೆ ಮತ್ತೆ ಭಟ್ಕಳಕ್ಕೆ ಹೋಗಿದ್ದೆ, ಆ ಅಳತೆಯದ್ದು ಇಲ್ಲ, ತರಿಸಬೇಕು ಎಂದರು. ಕಾದೆ. ಬಂದಿತು. ಹಾಕಿ, ಫ್ಲೈವೀಲು, ಕ್ಲಚ್ಚು, ಗೇರ್‌ಬಾಕ್ಸು ಏರಿಸಿ ಇಂಜಿನ್ ಬಿಟ್ಟರೆ, ತೂತಿನಿಂದ ಎಣ್ಣೆ ದಾರದ ಹಾಗೆ ಇಳಿಯಿತು. ಮೊದಲು ಹನಿ, ಈಗ ದಾರ.

ಬಳೆ ದಂಡಿನ ನಡುಮಧ್ಯ ಕೂತಿರಲಿಲ್ಲ. ಕೂದಲೆಳೆಯಷ್ಟು ಒಂದು ಕಡೆ ಸರಿದು, ಸೀಲಿನ ತುಟಿ ಒಂದು ಕಡೆ ಒತ್ತಿ ಇನ್ನೊಂದು ಕಡೆ ಬಾಯಿ ಬಿಟ್ಟಿತ್ತು. ಮತ್ತೆ ಎಲ್ಲ ಇಳಿಸಿದೆವು. ಗೇರ್‌ಬಾಕ್ಸು ಗೋಣಿಯ ಮೇಲೆ ಮಲಗಿದ್ದಾಗ ಡ್ರೈವರ್ ಬಂದರು. ನಾಳೆ ಬೋಟು ಇಳಿಯುವುದು. ಗಾಡಿ ಒಯ್ಯಲು ಬಂದಿದ್ದರು, ಕೊಡೆ ಮಡಚಿ ಬಾಗಿಲಲ್ಲೇ ನಿಂತರು.

“ಇದೆಂತ ಅಕ್ಕ?”

“ಹಿಂದಿನದ್ದು. ಫೋನಲ್ಲಿ ಹೇಳ್ದೆ ಅಲ್ಲ.”

“ಅಡ್ಡಿಲ್ಲ ಅಂದೆ ಅಲ್ಲ ನಾನು.”

“ಹೌದು. ಬಿಚ್ಚುಕೆ ಅಡ್ಡಿಲ್ಲ ಅಂದ್ರಿ.”

“ಅಲ್ಲ ಅಕ್ಕ. ಒಂದು ಹನಿ ಬಿದ್ರೆ ಅಡ್ಡಿಲ್ಲ ಅಂದೆ. ಇರ್ಲಿ ಬಿಡಿ ಅಂದೆ. ಪಾಸಿಂಗ್ ಸಾಹೇಬ್ರೂ ಹೊಂಡ ಕಟ್ಬಾರ್ದು ಅಂದಿದ್ದು, ಹನಿ ಬೀಳ್ಬಾರ್ದು ಅನ್ಲಿಲ್ಲ.”

ನಮ್ಮ ಕಡೆ ಅಡ್ಡಿಲ್ಲ ಎಂಬ ಮಾತು ಎಲ್ಲದಕ್ಕೂ ಆಗುತ್ತದೆ. ಚಾ ಬೇಕೋ ಎಂದರೆ ಅಡ್ಡಿಲ್ಲ. ಚಾ ಇಲ್ಲ ಎಂದರೂ ಅಡ್ಡಿಲ್ಲ. ಹುಡುಗಿ ಹೇಗಿದ್ದಾಳೆ, ಅಡ್ಡಿಲ್ಲ. ಜ್ವರ ಹೇಗಿದೆ, ಅಡ್ಡಿಲ್ಲ. ಹುಟ್ಟಿದಂದಿನಿಂದ ಕೇಳಿದ ಮಾತು, ಯಾವತ್ತೂ ತೊಡಕಾಗಿರಲಿಲ್ಲ. ಯಾವ ಅಡ್ಡಿಲ್ಲ ಎಂದು ಯಾರೂ ಯಾರನ್ನೂ ತಿರುಗಿ ಕೇಳುವುದಿಲ್ಲ. ನಾನೂ ಕೇಳಲಿಲ್ಲ. ಮಾಡಬೇಕೆಂದು ನನ್ನ ಕೈ ಮೊದಲೇ ತುರಿಸುತ್ತಿತ್ತು, ಬೇಕಾದ ಹಾಗೆ ಕೇಳಿಸಿಕೊಂಡೆ.

“ಇವತ್ತು ಕೂಡ್ಸುಕೆ ಆಗೂದಿಲ್ವಾ?” ಎಂದು ಕೇಳಿದರು.

ಇಂಜಿನ್ನಿನ ಬೆನ್ನಿಗಿದ್ದ ಹಳೆಯ ಮುಚ್ಚಳವನ್ನು ಬಳೆ ಕೂರಿಸಲು ಕೊರೆದುಬಿಟ್ಟಿದ್ದೆ. ತಿರುಗಿ ಹೋಗುವ ದಾರಿ ಇರಲಿಲ್ಲ. ಆಗುವುದಿಲ್ಲ ಎಂದೆ. ಅವರು ಗೇರ್‌ಬಾಕ್ಸನ್ನು ಒಮ್ಮೆ ಬಗ್ಗಿ ನೋಡಿದರು. ಸರಿ, ನಿಮ್ಮ ಕೆಲಸ ಮಾಡಿ ಎಂದು ಕೊಡೆ ಬಿಡಿಸಿಕೊಂಡು ಹೋದರು. ಬೈದಿದ್ದರೆ ನಾನೂ ನಾಲ್ಕು ಮಾತು ಹೇಳುತ್ತಿದ್ದೆ. ಹೇಳಲು ಅವರು ಜಾಗ ಕೊಡಲಿಲ್ಲ.

ಮುಂದಿನ ಕೆಲಸವನ್ನು ನಾನು ಅವಸರದಿಂದ ಮಾಡಲಿಲ್ಲ. ಕೆಟ್ಟದ್ದು ಕೆಟ್ಟಿತು, ಇನ್ನು ಇದೂ ಕೆಡಬಾರದು. ಗಂಡನ ಸೊಂಟದ ಹಳೆ ಎಕ್ಸ್‌ರೇ ಹಾಳೆ ಗೋಡೆಗೆ ತೂಗಿತ್ತು. ಅದರಿಂದ ಒಂದು ಪಟ್ಟಿ ಕತ್ತರಿಸಿ ದಂಡಿಗೆ ಸುತ್ತಿದೆ. ಅದರ ಮೇಲೆ ಬಳೆ ತೂರಿಸಿದರೆ ಸುತ್ತಲೂ ಒಂದೇ ಸಂದು ಉಳಿಯುತ್ತದೆ, ಬಳೆ ತಾನಾಗಿ ನಡುವಿಗೆ ಬರುತ್ತದೆ. ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪ ಬಿಗಿದೆ. ಪಟ್ಟಿ ಎಳೆದು ತೆಗೆದೆ. ಇನ್ನೊಂದು ಪಟ್ಟಿಯನ್ನು ಕೊಳವೆಯ ಹಾಗೆ ಮಾಡಿ ಎಣ್ಣೆ ಸವರಿ, ಅದರ ಮೇಲಿಂದ ಸೀಲನ್ನು ಜಾರಿಸಿದೆ. ತುಟಿ ಮಡಚಲಿಲ್ಲ. ಎಲ್ಲ ಏರಿಸಿ ಇಂಜಿನ್ ಬಿಟ್ಟು, ಊಟ ಮಾಡಿ ಬಂದು ನೋಡಿದೆ. ರಟ್ಟು ಒಣಗಿತ್ತು. ಎರಡು ದಿನ ಹೊನ್ನಾವರದ ಸುತ್ತ ಓಡಿಸಿ ಬಂದೆ. ಒಣಗಿಯೇ ಇತ್ತು.

ಡ್ರೈವರ್ ಬಂದು ಗಾಡಿ ಒಯ್ದರು. ಪಾಸಿಂಗೂ ಆಯಿತು. ಸಾಹೇಬರು ಬಗ್ಗಿ ನೋಡಿ, ಹೊಸ ಇಂಜಿನ್ ಹಾಕಿದ್ರಾ ಎಂದು ಕೇಳಿದರಂತೆ. ಅದನ್ನು ಅವರೇ ಫೋನು ಮಾಡಿ ಹೇಳಿದರು. ನನಗೆ ಸ್ವಲ್ಪ ಹಗುರಾಯಿತು.

ಆಮೇಲೆ ಒಂದು ಸಂಜೆ ಅವರು ಬಸ್ಸಿನಿಂದ ಇಳಿದು ಬಂದರು. ಗಾಡಿ ಎಲ್ಲಿ ಎಂದೆ. ಮನೆಯ ಮುಂದಿದೆ ಎಂದರು. ಸ್ಟೂಲಿನ ಮೇಲೆ ಕೂತು, ಕೇಳದೆಯೇ ಹೇಳಿದರು. ಬೋಟು ಇಳಿದ ದಿನ ಹೆಂಗಸರು ರಸ್ತೆಯಲ್ಲಿ ನಿಂತು ಕಾದು, ಕೊನೆಗೆ ಒಂದು ಗೂಡ್ಸ್ ರಿಕ್ಷಾ ಹಿಡಿದರು. ಮರುದಿನವೂ ಅದೇ ಬಂತು. ಈಗ ಅದೇ ಖಾಯಂ. ಬುಟ್ಟಿ ಹಿಂದೆ, ಅವರೂ ಹಿಂದೆ, ಟರ್ಪಾಲು ಹೊದ್ದುಕೊಂಡು ಹೋಗುತ್ತಾರೆ. ಬೇರೆ ಬಾಡಿಗೆಗೆ ಇವರು ಸ್ಟ್ಯಾಂಡಿನಲ್ಲಿ ನಿಂತು ನೋಡಿದರು. ಬಾಗಿಲು ತೆಗೆದವರು ಮೂಗು ಮುಚ್ಚಿಕೊಂಡು ಬಾಗಿಲು ಹಾಕಿದರು.

“ಭಟ್ಕಳದ ಗುಜರಿಯವಂಗೆ ಹೇಳಿದ್ದೆ. ಈ ವಾರ ಬತ್ತ. ಬೇರೆಯವ್ರ ಬಾಯಲ್ಲಿ ಕೇಳೂದು ಬೇಡ ಅಂತ ನಾನೇ ಬಂದೆ.”

“ಇಂಜಿನ್ ಈಗ ಒಳ್ಳೇದದೆ ಅಣ್ಣ.”

“ಹೌದು ಅಕ್ಕ. ನಾ ಕೈಗೆ ತಕ್ಕಂಡಾಗಿಂದ ಇಷ್ಟು ಒಳ್ಳೇದಿರ್ಲಿಲ್ಲ.”

ಚಾ ಕೊಟ್ಟೆ. ಕುಡಿದು ಲೋಟ ತಾವೇ ತೊಳೆದಿಟ್ಟು ಹೋದರು.

ಮರುದಿನ ಬೆಳಿಗ್ಗೆ ನಾನು ಗ್ಯಾರೇಜ್ ತೆಗೆಯದೆ ಬಂದರಿಗೆ ನಡೆದೆ. ಬೋಟುಗಳು ಬಂದು ನಿಂತಿದ್ದವು, ಹರಾಜು ಮುಗಿದು ಐಸ್ ಒಡೆಯುತ್ತಿದ್ದರು. ನಾಲ್ವರೂ ಗೂಡ್ಸ್ ರಿಕ್ಷಾದ ಹತ್ತಿರ ಬುಟ್ಟಿಗೆ ಮೀನು ತುಂಬುತ್ತಿದ್ದರು. ಎಲ್ಲರಿಗಿಂತ ದೊಡ್ಡವಳು ನನ್ನ ಪ್ರಾಯದವಳು. ಅವಳ ಹತ್ತಿರ ಹೋಗಿ ನಾನು ಯಾರು ಎಂದು ಹೇಳಿದೆ. ಗಾಡಿ ತಡವಾದದ್ದು ಡ್ರೈವರಿಂದಲ್ಲ, ನನ್ನಿಂದ, ಬೇಡದ್ದನ್ನು ಬಿಚ್ಚಿ ಕೂತೆ, ಈಗ ಗಾಡಿ ಸರಿಯಾಗಿದೆ, ಗುಜರಿಯವ ಈ ವಾರ ಬರುತ್ತಾನೆ ಎಂದೆ.

ಅವಳು ಕೈ ನಿಲ್ಲಿಸದೆ ಕೇಳಿಸಿಕೊಂಡಳು.

“ಅವ ಅದನ್ನೆಲ್ಲ ಹೇಳ್ಲಿಲ್ಲ. ಗಾಡಿಗೂ ವಯಸ್ಸಾತು, ನಂಗೂ ಆತು ಅಂದ, ಅಷ್ಟೇ. ನಾವು ಅದನ್ನೇ ನಂಬ್ದೆವು.”

“ಈಗ ಕೇಳ್ದೆ ಅಲ್ಲ. ಮತ್ತೆ ಅವ್ರ ಗಾಡೀಲೇ ಬನ್ನಿ.”

“ಹೆಂಗೆ ಬರೂದೆ? ಆ ದಿನ ನಾವು ಮಳೇಲಿ ನಿಂತಿದ್ದಾಗ ಬುಟ್ಟಿ ಹತ್ಸ್ಕಂಡವ ಇವ. ಈಗ ಇವನೂ ನಮ್ಮನ್ನೇ ನಂಬ್ಕಂಡ. ನಾಳೆಯಿಂದ ಬೇಡ ಅಂತ ನೀ ಹೇಳ್ತಿಯಾ ಇವಂಗೆ?”

ರಿಕ್ಷಾದವ ಮುಂದೆ ಕೂತು ಕನ್ನಡಿ ಒರೆಸುತ್ತಿದ್ದ.

ಉಳಿದ ಮೂವರು ಒಂದೊಂದೇ ಬುಟ್ಟಿ ಎತ್ತಿ ಹಿಂದೆ ಇಟ್ಟು, ತಾವೂ ಹತ್ತಿ ಕೂತರು. ದೊಡ್ಡವಳ ಬುಟ್ಟಿ ನೆಲದ ಮೇಲೆ ಉಳಿದಿತ್ತು, ಬಂಗಡೆ ತುಂಬಿ ಮೇಲೆ ಐಸು. ಅವಳು ಒಂದು ಕಡೆ ಹಿಡಿದು ನನ್ನ ಮುಖ ನೋಡಿದಳು. ನಾನು ಸೆರಗು ಸಿಕ್ಕಿಸಿಕೊಂಡು ಇನ್ನೊಂದು ಕಡೆ ಹಿಡಿದು, ಎತ್ತಿ ರಿಕ್ಷಾಕ್ಕೆ ಇಟ್ಟೆ.